ವಿದೇಶಿ ವಿಮಾನ ವಿದ್ಯಾರ್ಥಿಗಳ ಭದ್ರತಾ ನೋಂದಣಿ: ಅಮೆರಿಕದ ವ್ಯವಸ್ಥೆ

ಅಮೆರಿಕದ ಪೌರರಲ್ಲದವರು ಅಲ್ಲಿ ವಿಮಾನ ಅಥವಾ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿಯಲು ಹೊರಟಾಗ, ತರಬೇತಿ ಶುರುವಾಗುವ ಮೊದಲೇ ತಮ್ಮ ಗುರುತು, ಬೆರಳಚ್ಚು, ವಲಸೆ ದಾಖಲೆಗಳನ್ನು ಸರ್ಕಾರಕ್ಕೆ ಒಪ್ಪಿಸಿ ಅನುಮತಿ ಪಡೆಯಬೇಕೆಂದು ವಿಧಿಸುವ ಕಾನೂನು ವ್ಯವಸ್ಥೆ. ಇದನ್ನು ನಡೆಸುವುದು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಗೆ ಸೇರಿದ ಸಾರಿಗೆ ಭದ್ರತಾ ಸಂಸ್ಥೆ, ಅಂದರೆ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲ ತಪಾಸಣೆ ಮಾಡುವ ಟಿಎಸ್‌ಎ. 2004ರಿಂದ ಎರಡು ದಶಕ ಇದು ಏಲಿಯನ್ ಫ್ಲೈಟ್ ಸ್ಟೂಡೆಂಟ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ನಡೆಯಿತು. 2024ರ ಜುಲೈ 30ರಿಂದ ಪರಿಷ್ಕೃತ ನಿಯಮಗಳೊಂದಿಗೆ ಫ್ಲೈಟ್ ಟ್ರೇನಿಂಗ್ ಸೆಕ್ಯುರಿಟಿ ಪ್ರೋಗ್ರಾಂ ಎಂಬ ಹೊಸ ಹೆಸರು ಪಡೆದಿದೆ. ಅಮೆರಿಕದ ಫೆಡರಲ್ ನಿಯಮಾವಳಿಯ 49ನೆಯ ಶೀರ್ಷಿಕೆಯ 1552ನೆಯ ಭಾಗ ಇದರ ಆಧಾರ.

ಪೈಲಟ್ ಲೈಸೆನ್ಸ್ ಕೊಡುವ ಅಧಿಕಾರ ಟಿಎಸ್‌ಎಗೆ ಇಲ್ಲ. ಅದು ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ಗೆ, ಅಂದರೆ ಎಫ್‌ಎಎಗೆ ಸೇರಿದ್ದು. ವೀಸಾ ಕೊಡುವುದು ವಿದೇಶಾಂಗ ಇಲಾಖೆ. ವಿದ್ಯಾರ್ಥಿ ದೇಶದೊಳಗೆ ಬಂದ ಮೇಲೆ ಅವನ ಮೇಲೆ ಕಣ್ಣಿಡುವುದು ವಲಸೆ ವಿಭಾಗ. ಹೀಗೆ ಒಬ್ಬ ವಿದ್ಯಾರ್ಥಿ ಒಂದೇ ಸರ್ಕಾರದ ನಾಲ್ಕು ಕಚೇರಿಗಳ ಕಡತಗಳಲ್ಲಿ ಹಂಚಿಹೋಗಿರುತ್ತಾನೆ. ಈ ಕಡತಗಳು ಒಂದರೊಡನೊಂದು ಮಾತಾಡದಿದ್ದಾಗ ಏನಾಗುತ್ತದೆ ಎಂಬುದೇ ಈ ವ್ಯವಸ್ಥೆಯ ಚರಿತ್ರೆಯ ಬಹುಭಾಗ.

ಹಿನ್ನೆಲೆ

ವಿಮಾನ ಕಲಿಕೆಯನ್ನು ರಾಷ್ಟ್ರೀಯತೆಯ ಆಧಾರದ ಮೇಲೆ ತಡೆಯುವ ಪರಿಪಾಠ ಅಮೆರಿಕಕ್ಕೆ 2001ರಲ್ಲಿ ಹೊಸದಾಗಿರಲಿಲ್ಲ. ಗಡಾಫಿಯ ಲಿಬಿಯಾದೊಡನೆ ಸಂಬಂಧ ಹದಗೆಟ್ಟಿದ್ದ 1983ರಲ್ಲೇ ಆ ದೇಶದ ಪ್ರಜೆಗಳು ವಿಮಾನ ಚಾಲನೆ, ವಿಮಾನ ದುರಸ್ತಿ ಮತ್ತು ಪರಮಾಣು ವಿಜ್ಞಾನ ಕಲಿಯುವುದನ್ನು ನಿಷೇಧಿಸುವ ವಲಸೆ ನಿಯಮವೊಂದು ಬಂದಿತ್ತು. ಉಳಿದ ದೇಶಗಳವರಿಗೆ ಬಾಗಿಲು ತೆರೆದೇ ಇತ್ತು. ಬಿಸಿಲು ಹೆಚ್ಚು, ಮೋಡ ಕಡಿಮೆ, ಪೆಟ್ರೋಲು ಅಗ್ಗ, ಬಾಡಿಗೆಗೆ ಸಣ್ಣ ವಿಮಾನ ಧಾರಾಳ. ಇವೆಲ್ಲ ಸೇರಿ ಫ್ಲೋರಿಡಾ, ಅರಿಜೋನಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳ ಫ್ಲೈಯಿಂಗ್ ಸ್ಕೂಲುಗಳು ಜಗತ್ತಿನ ಎಲ್ಲೆಡೆಯಿಂದ ವಿದ್ಯಾರ್ಥಿಗಳನ್ನು ಸೆಳೆದಿದ್ದವು. ಪಾಸ್‌ಪೋರ್ಟ್ ತೋರಿಸಿ ಹಣ ಕಟ್ಟಿದರೆ ಆಯಿತು. ಮೊದಲ ಹಂತದ ವಿದ್ಯಾರ್ಥಿ ಪೈಲಟ್ ಪತ್ರವನ್ನು ಆಗ ವೈದ್ಯಕೀಯ ತಪಾಸಣೆ ಮಾಡಿದ ಡಾಕ್ಟರೇ ಅಲ್ಲೇ ಬರೆದುಕೊಡಬಹುದಿತ್ತು.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನಗಳನ್ನು ನಡೆಸಿದ ನಾಲ್ವರೂ ಅಮೆರಿಕದಲ್ಲೇ ತರಬೇತಿ ಪಡೆದವರು. ಮೊಹಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹ್ಹಿ 2000ದ ಬೇಸಿಗೆಯಲ್ಲಿ ಫ್ಲೋರಿಡಾದ ವೆನಿಸ್ ಪಟ್ಟಣದ ಹಫ್‌ಮನ್ ಏವಿಯೇಷನ್ ಸೇರಿದರು. ಜಿಯಾದ್ ಜರ್ರಾ ಅದೇ ಊರಿನ ಇನ್ನೊಂದು ಶಾಲೆಯಲ್ಲಿ ಕಲಿತ. ಹನಿ ಹಂಜೂರ್ ಅರಿಜೋನಾದಲ್ಲಿ ಕಲಿತು 1999ರಲ್ಲೇ ವಾಣಿಜ್ಯ ಪೈಲಟ್ ಪತ್ರ ಗಿಟ್ಟಿಸಿದ್ದ. ಅಟ್ಟಾ, ಶೆಹ್ಹಿ ಇಬ್ಬರೂ ಬಂದದ್ದು ಪ್ರವಾಸಿ ವೀಸಾದಲ್ಲಿ. ಸಣ್ಣ ವಿಮಾನಗಳಲ್ಲಿ ಪತ್ರ ಪಡೆದ ಮೇಲೆ ಡಿಸೆಂಬರ್ ಹೊತ್ತಿಗೆ ದೊಡ್ಡ ಜೆಟ್‌ಗಳ ಸಿಮ್ಯುಲೇಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಅಭ್ಯಾಸ ಮಾಡಿದರು. ಮುಂದೆ ಬಂದ ಕಾನೂನು ಸಿಮ್ಯುಲೇಟರನ್ನೂ ವಿಮಾನದಷ್ಟೇ ಬಿಗಿಯಾಗಿ ಹಿಡಿಯಲು ಇದೇ ಕಾರಣ.

ಎಚ್ಚರಿಕೆಗಳು ಇರಲಿಲ್ಲ ಎಂದೇನಲ್ಲ. 2001ರ ಜುಲೈ 10ರಂದು ಫೀನಿಕ್ಸ್ ನಗರದ ಎಫ್‌ಬಿಐ ಅಧಿಕಾರಿ ಕೆನೆತ್ ವಿಲಿಯಮ್ಸ್ ತನ್ನ ಮೇಲಿನವರಿಗೆ ಒಂದು ಟಿಪ್ಪಣಿ ಕಳಿಸಿದ್ದ. ಉಗ್ರರ ನಂಟಿರುವ ಕೆಲವರು ಅರಿಜೋನಾದ ವಿಮಾನ ಶಾಲೆಗಳಲ್ಲಿ ಸೇರಿಕೊಂಡಿರುವ ಅನುಮಾನವಿದೆ, ದೇಶದ ಎಲ್ಲ ವಿಮಾನ ಶಾಲೆಗಳ ಪಟ್ಟಿ ಮಾಡಿ ಸಂಪರ್ಕ ಇಟ್ಟುಕೊಳ್ಳಬೇಕು, ಅಲ್ಲಿಗೆ ಬರುವ ವಿದೇಶಿಯರ ವೀಸಾ ಮಾಹಿತಿ ತರಿಸಿಕೊಳ್ಳಬೇಕು ಎಂಬುದು ಅದರ ಸಾರ. ಟಿಪ್ಪಣಿ ಕಡತ ಸೇರಿತು. ಮರುತಿಂಗಳು ಮಿನ್ನೆಸೋಟಾದ ಈಗನ್ ಊರಿನ ತರಬೇತಿ ಕೇಂದ್ರಕ್ಕೆ ಜಕಾರಿಯಾಸ್ ಮೂಸಾವಿ ಎಂಬ ಫ್ರೆಂಚ್ ಪ್ರಜೆ ಬಂದ. ಸಣ್ಣ ವಿಮಾನವನ್ನೂ ಒಂಟಿಯಾಗಿ ಹಾರಿಸಿರದ ಆತ ಬೋಯಿಂಗ್ 747ರ ಸಿಮ್ಯುಲೇಟರ್ ತರಬೇತಿ ಕೇಳಿದ್ದ, ಹಣವನ್ನು ನಗದಾಗಿ ಕೊಟ್ಟಿದ್ದ. ಶಾಲೆಯ ಶಿಕ್ಷಕರಿಗೆ ಇದು ಸರಿಕಾಣದೆ ಎಫ್‌ಬಿಐಗೆ ಫೋನ್ ಮಾಡಿದರು. ಆಗಸ್ಟ್ 16ರಂದು ಅವನನ್ನು ಬಂಧಿಸಿದ್ದು ಅನುಮತಿಸಿದ ಅವಧಿ ಮೀರಿ ಉಳಿದ ಆರೋಪದ ಮೇಲೆ. ಇಡೀ ಪ್ರಕರಣದಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಶಿಕ್ಷಕರ ಅನುಮಾನ ಮತ್ತು ವಲಸೆ ದಾಖಲೆ, ಇವೆರಡೇ. ಆಮೇಲೆ ಬಂದ ನಿಯಮದಲ್ಲಿ ಈ ಎರಡಕ್ಕೂ ಸ್ಥಾನ ಸಿಕ್ಕಿತು.

ದಾಳಿಯ ಆರು ತಿಂಗಳ ನಂತರ, 2002ರ ಮಾರ್ಚ್ 11ರಂದು, ಹಫ್‌ಮನ್ ಏವಿಯೇಷನ್‌ಗೆ ಅಂಚೆಯಲ್ಲಿ ಎರಡು ಪತ್ರಗಳು ಬಂದವು. ಅಟ್ಟಾ ಮತ್ತು ಶೆಹ್ಹಿಗೆ ವಿದ್ಯಾರ್ಥಿ ಸ್ಥಾನಮಾನ ಮಂಜೂರಾಗಿದೆ ಎಂಬ ವಲಸೆ ಇಲಾಖೆಯ ತಿಳಿವಳಿಕೆ ಪತ್ರಗಳು! ಮಂಜೂರಾತಿ ಆಗಿದ್ದು ದಾಳಿಗೆ ಮೊದಲು, 2001ರ ಬೇಸಿಗೆಯಲ್ಲಿ. ಕಾಗದ ಮಾತ್ರ ತನ್ನ ಪಾಡಿಗೆ ತಾನು ಸಾಗಿ ಬಂದಿತ್ತು. ಅಧ್ಯಕ್ಷ ಬುಷ್ ಬಹಿರಂಗವಾಗಿಯೇ ಸಿಟ್ಟಾದರು. ಮರುತಿಂಗಳೇ, ಪ್ರವಾಸಿ ವೀಸಾದಲ್ಲಿ ಬಂದವರು ಸ್ಥಾನಮಾನ ಬದಲಾವಣೆ ಮಂಜೂರಾಗುವ ಮೊದಲು ಯಾವ ಕೋರ್ಸನ್ನೂ ಆರಂಭಿಸುವಂತಿಲ್ಲ ಎಂಬ ನಿಯಮ ಬಂತು. ಒಂದು ವರ್ಷದೊಳಗೆ ಆ ವಲಸೆ ಇಲಾಖೆಯೇ ರದ್ದಾಗಿ ಅದರ ಕೆಲಸ ಹೋಮ್‌ಲ್ಯಾಂಡ್ ಸೆಕ್ಯುರಿಟಿಯ ಪಾಲಾಯಿತು.

ಕಾನೂನು ಬೆಳೆದ ಬಗೆ

2001ರ ನವೆಂಬರ್ 19ರಂದು ಸಹಿಯಾದ ವಿಮಾನಯಾನ ಮತ್ತು ಸಾರಿಗೆ ಭದ್ರತಾ ಕಾಯ್ದೆ ಟಿಎಸ್‌ಎಗೆ ಜನ್ಮ ಕೊಟ್ಟಿತು. ಅದರ 113ನೆಯ ವಿಧಿ ವಿದೇಶಿ ವಿದ್ಯಾರ್ಥಿಗಳ ಕುರಿತದ್ದು. 12,500 ಪೌಂಡ್ ಅಥವಾ ಅದಕ್ಕೂ ಹೆಚ್ಚು ತೂಕದ ವಿಮಾನ ಕಲಿಯಲು ಬರುವ ವಿದೇಶಿಯ ವಿವರವನ್ನು ಶಾಲೆ ಅಟಾರ್ನಿ ಜನರಲ್‌ಗೆ ತಿಳಿಸಬೇಕು, 45 ದಿನ ಕಾಯಬೇಕು, ಅಷ್ಟರಲ್ಲಿ ಆಕ್ಷೇಪ ಬರದಿದ್ದರೆ ಮಾತ್ರ ಕಲಿಸಬಹುದು ಎಂದು ಅದು ಹೇಳಿತು.

12,500 ಪೌಂಡ್ ಎಂದರೆ ಸುಮಾರು 5,670 ಕಿಲೋ. ಈ ಅಂಕಿ ಉಗ್ರರ ಕಾರಣಕ್ಕೆ ಹುಟ್ಟಿದ್ದಲ್ಲ. ಟೇಕಾಫ್ ತೂಕ ಇದನ್ನು ಮೀರಿದರೆ ಅದು ‘ದೊಡ್ಡ ವಿಮಾನ’, ಅದನ್ನು ಹಾರಿಸಲು ಆ ಮಾದರಿಗೇ ಪ್ರತ್ಯೇಕ ಟೈಪ್ ರೇಟಿಂಗ್ ಬೇಕು ಎಂಬ ಎಫ್‌ಎಎಯ ಹಳೆಯ ಗೆರೆ. ಭಾರತದ ನಿಯಮಗಳಲ್ಲಿ ಕಾಣುವ 5,700 ಕಿಲೋ ಕೂಡ ಇದರ ನೆರೆಯದೇ. ಎಲ್ಲ ಶಾಲೆಗಳಲ್ಲೂ ಕಾಣುವ ಸೆಸ್ನಾ 172 ತುಂಬಿದಾಗಲೂ 1,160 ಕಿಲೋ ದಾಟುವುದಿಲ್ಲ. ಬೋಯಿಂಗ್ 737-800ರ ಗರಿಷ್ಠ ತೂಕ 79,000 ಕಿಲೋ. ಇವೆರಡರ ನಡುವಿನ ಅಗಾಧ ಅಂತರದಲ್ಲಿ, ಸೆಸ್ನಾದ ಕಡೆಗೇ ತೀರಾ ಹತ್ತಿರದಲ್ಲಿ, ಕಾನೂನು ತನ್ನ ಗೆರೆ ಎಳೆಯಿತು. ಆದರೆ ಅಟ್ಟಾ ಮೊದಲು ಕಲಿತದ್ದು ಗೆರೆಗಿಂತ ಕೆಳಗಿನ ವಿಮಾನಗಳಲ್ಲೇ ಎಂಬುದು ಶಾಸಕರಿಗೆ ಬೇಗನೆ ಹೊಳೆಯಿತು.

ಮೊದಲ ಎರಡು ವರ್ಷ ತಪಾಸಣೆಯ ಕೆಲಸ ನ್ಯಾಯ ಇಲಾಖೆಯದಾಗಿತ್ತು. ದಶಕಗಳಿಂದ ಹಾರುತ್ತಿದ್ದ ವಿದೇಶಿ ಏರ್‌ಲೈನ್ ಕ್ಯಾಪ್ಟನ್‌ಗಳು ಕೂಡ ವಾಡಿಕೆಯ ಸಿಮ್ಯುಲೇಟರ್ ತಾಲೀಮಿಗೆ ಬಂದು ಸರದಿಯಲ್ಲಿ ಕಾಯುವಂತಾದಾಗ ಗೊಣಗಾಟ ಎದ್ದಿತು. 2003ರ ಡಿಸೆಂಬರ್ 12ರ ‘ವಿಷನ್ 100’ ಕಾಯ್ದೆ ಮೂರು ಬದಲಾವಣೆ ತಂದಿತು. ಹೊಣೆ ಹೋಮ್‌ಲ್ಯಾಂಡ್ ಸೆಕ್ಯುರಿಟಿಗೆ ವರ್ಗವಾಯಿತು. ಕಾಯುವ ಅವಧಿ 30 ದಿನಕ್ಕೆ ಇಳಿಯಿತು, ಮೊದಲೇ ದೊಡ್ಡ ವಿಮಾನದ ಅರ್ಹತೆ ಇರುವ ಅನುಭವಿಗಳಿಗೆ 5 ದಿನದ ತ್ವರಿತ ದಾರಿ ಬಂತು. ಸಣ್ಣ ವಿಮಾನಗಳೂ ಪರಿಧಿಯೊಳಗೆ ಸೇರಿದವು. ಇದರ ಬೆನ್ನಿಗೆ 2004ರ ಸೆಪ್ಟೆಂಬರ್ 20ರಂದು ಟಿಎಸ್‌ಎ ಮಧ್ಯಂತರ ನಿಯಮ ಪ್ರಕಟಿಸಿತು. ‘ಮಧ್ಯಂತರ’ ಎಂಬ ಹಣೆಪಟ್ಟಿ ಹೊತ್ತ ಈ ನಿಯಮ ಹತ್ತೊಂಬತ್ತು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿತ್ತು.

ಆ ನಿಯಮ ಅರ್ಜಿದಾರರನ್ನು ನಾಲ್ಕು ವರ್ಗ ಮಾಡಿತ್ತು. ಒಂದನೆಯದು ದೊಡ್ಡ ವಿಮಾನ, ಪೂರ್ಣ ತಪಾಸಣೆ. ಎರಡನೆಯದು ದೊಡ್ಡ ವಿಮಾನವೇ, ಆದರೆ ತ್ವರಿತ ತಪಾಸಣೆ. ಮೂರನೆಯದು ಸಣ್ಣ ವಿಮಾನ. ನಾಲ್ಕನೆಯದು ಈಗಾಗಲೇ ಅರ್ಹತೆ ಇರುವ ವಿಮಾನದಲ್ಲಿ ಮರುತರಬೇತಿ. ಮೊದಲ ಮೂರಕ್ಕೆ ಶುಲ್ಕ 130 ಡಾಲರ್. ಭಾರತದಿಂದ ಹೋದ ಹೆಚ್ಚಿನವರು ಮೂರನೆಯ ವರ್ಗದವರು. ಈ ವರ್ಗದಲ್ಲಿ ಆರಂಭಿಕ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್, ಮಲ್ಟಿ ಎಂಜಿನ್ ರೇಟಿಂಗ್ ಈ ಮೂರಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. ಅಂದರೆ ಅದೇ ಶಾಲೆಯ ಅದೇ ವಿದ್ಯಾರ್ಥಿಯನ್ನು ಒಂದೂವರೆ ವರ್ಷದಲ್ಲಿ ಮೂರು ಸಲ ಪರಿಶೀಲಿಸಿ 390 ಡಾಲರ್ ವಸೂಲು ಮಾಡಲಾಗುತ್ತಿತ್ತು. ಶಾಲೆ ಬದಲಿಸಿದರೆ ಮತ್ತೊಂದು ಅರ್ಜಿ. ಖಾಸಗಿ ವಿಮಾನ ಮಾಲೀಕರು ಮತ್ತು ಪೈಲಟ್‌ಗಳ ಸಂಘವಾದ ಎಒಪಿಎ ಆರಂಭದಿಂದಲೇ ತಕರಾರು ತೆಗೆಯಿತು. ಎರಡು ವರ್ಷಕ್ಕೊಮ್ಮೆ ಪ್ರತಿ ಪೈಲಟ್ ಮಾಡಿಸಲೇಬೇಕಾದ ಫ್ಲೈಟ್ ರಿವ್ಯೂ ಕೂಡ ‘ತರಬೇತಿ’ಯೇ ಎಂಬ ಗೊಂದಲ ಎದ್ದಾಗ, ಅದಕ್ಕೆ ಅನುಮತಿ ಬೇಕಿಲ್ಲ ಎಂದು ಟಿಎಸ್‌ಎ ಸ್ಪಷ್ಟನೆ ಕೊಡಬೇಕಾಯಿತು.

2024ರ ನಿಯಮ

ಅಂತಿಮ ನಿಯಮ 2024ರ ಮೇ 1ರಂದು ಪ್ರಕಟವಾಗಿ ಜುಲೈ 30ರಂದು ಜಾರಿಗೆ ಬಂತು. ಇದರ ಮುಖ್ಯ ತಿರುವು ಒಂದೇ: ಪರಿಶೀಲನೆ ಈಗ ಕೋರ್ಸಿಗೆ ಅಂಟಿಕೊಂಡಿಲ್ಲ, ವ್ಯಕ್ತಿಗೆ ಅಂಟಿಕೊಂಡಿದೆ. ಭದ್ರತಾ ಅಪಾಯ ಪರಿಶೀಲನೆ ಒಮ್ಮೆ ಮುಗಿದು ಅರ್ಹತೆ ಸಿಕ್ಕರೆ ಅದು ಗರಿಷ್ಠ 5 ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ಎಷ್ಟು ರೇಟಿಂಗ್ ಕಲಿತರೂ ಪ್ರತಿ ತರಬೇತಿಯ ಮಾಹಿತಿಯನ್ನು ಟಿಎಸ್‌ಎಯ ಪೋರ್ಟಲ್‌ನಲ್ಲಿ ದಾಖಲಿಸಿದರೆ ಸಾಕು, ಶುಲ್ಕ ಮತ್ತೆ ಕಟ್ಟಬೇಕಿಲ್ಲ. ನಿಯಮ ಬಂದಾಗ ಗೊತ್ತುಮಾಡಿದ ಶುಲ್ಕ 140 ಡಾಲರ್. ಬೇರೆ ಟಿಎಸ್‌ಎ ಕಾರ್ಯಕ್ರಮದಡಿ ಹೋಲುವ ಪರಿಶೀಲನೆ ಮುಗಿಸಿದವರಿಗೆ 125. ಇಪ್ಪತ್ತು ವರ್ಷದ ಹಿಂದೆಯೇ ಹೀಗೆ ಮಾಡಬಹುದಿತ್ತು.

ಅರ್ಜಿದಾರ ಪೋರ್ಟಲ್‌ನಲ್ಲಿ ಖಾತೆ ತೆರೆದು ಹೆಸರು, ಹಿಂದೆ ಬಳಸಿದ ಬೇರೆ ಹೆಸರುಗಳು, ಪಾಸ್‌ಪೋರ್ಟ್, ವೀಸಾ, ಕಳೆದ 5 ವರ್ಷ ವಾಸವಿದ್ದ ವಿಳಾಸಗಳು, ಈಗಾಗಲೇ ಇರುವ ಪೈಲಟ್ ಲೈಸೆನ್ಸ್‌ಗಳು ಎಲ್ಲವನ್ನೂ ತುಂಬುತ್ತಾನೆ. ಶಾಲೆ ಅವನು ತನ್ನ ವಿದ್ಯಾರ್ಥಿಯೇ ಎಂದು ದೃಢಪಡಿಸಬೇಕು. ಬೆರಳಚ್ಚನ್ನು ಗೊತ್ತುಮಾಡಿದ ಕೇಂದ್ರದಲ್ಲೇ ಕೊಡಬೇಕು. ಅದು ಎಫ್‌ಬಿಐಯ ಅಪರಾಧ ದಾಖಲೆಗಳೊಡನೆ ತಾಳೆಯಾಗುತ್ತದೆ. ಉಗ್ರರ ಪಟ್ಟಿ ಮತ್ತು ವಲಸೆ ದಾಖಲೆಗಳ ತಾಳೆ ಬೇರೆ ನಡೆಯುತ್ತದೆ. ತರಬೇತಿಗೆ ಬಂದ ದಿನ ಶಾಲೆ ವಿದ್ಯಾರ್ಥಿಯ ಫೋಟೋ ತೆಗೆದು ಏರಿಸಬೇಕು. ಅರ್ಜಿ ಹಾಕಿದವನೇ ಕಾಕ್‌ಪಿಟ್‌ನಲ್ಲಿ ಕೂತಿದ್ದಾನೆಯೇ ಎಂಬ ಖಾತ್ರಿಗಾಗಿ ಇದು. ಇಲ್ಲಿ ನಮ್ಮವರಿಗೆ ವಿಶೇಷ ಎಚ್ಚರಿಕೆ ಬೇಕು. ದಕ್ಷಿಣ ಭಾರತದ ಹೆಸರುಗಳಲ್ಲಿ ಇನಿಷಿಯಲ್ ಒಂದು ದಾಖಲೆಯಲ್ಲಿ ಅಕ್ಷರವಾಗಿ, ಇನ್ನೊಂದರಲ್ಲಿ ಊರಿನ ಅಥವಾ ತಂದೆಯ ಪೂರ್ತಿ ಹೆಸರಾಗಿ ಇರುವುದು ಸಾಮಾನ್ಯ. ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಕಾಲಂ ಖಾಲಿಯೇ ಇರುತ್ತದೆ. ಪಾಸ್‌ಪೋರ್ಟ್, ವೀಸಾ, ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ಕಡತ, ಪೋರ್ಟಲ್ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ ತಾಳೆ ಹಾಕುವವರಿಗೆ ಅವು ನಾಲ್ಕು ಬೇರೆ ಬೇರೆ ವ್ಯಕ್ತಿಗಳಾಗಿ ಕಾಣಬಹುದು.

ಶಾಲೆಯ ಕಡೆಯ ಹೊಣೆಯೂ ಹೆಚ್ಚಿದೆ. ಪ್ರತಿ ಶಾಲೆಯೂ, ಒಬ್ಬಂಟಿಯಾಗಿ ಕಲಿಸುವ ಸ್ವತಂತ್ರ ಶಿಕ್ಷಕನೂ ಸಹ, ಒಬ್ಬ ಭದ್ರತಾ ಸಂಯೋಜಕನನ್ನು ಹೆಸರಿಸಬೇಕು. ವಿದ್ಯಾರ್ಥಿಗಳೊಡನೆ ನೇರ ಒಡನಾಟವಿರುವ ನೌಕರರು ಕೆಲಸಕ್ಕೆ ಸೇರಿದ 60 ದಿನದೊಳಗೆ ಭದ್ರತಾ ಜಾಗೃತಿ ತರಬೇತಿ ಪಡೆಯಬೇಕು. ವರ್ಷಕ್ಕೊಮ್ಮೆ ಇದ್ದ ಅದರ ಪುನರಾವರ್ತನೆ ಈಗ ಎರಡು ವರ್ಷಕ್ಕೊಮ್ಮೆ. ಈಗನ್‌ನ ಶಿಕ್ಷಕರ ಅನುಮಾನ ಹೀಗೆ ಪಠ್ಯಕ್ರಮವಾಯಿತು. ದಾಖಲೆಗಳನ್ನು 5 ವರ್ಷ ಇಡಬೇಕು. ಅವನ್ನು ಈಗ ಕಾಗದದ ಬದಲು ಪೋರ್ಟಲ್‌ನಲ್ಲೇ ಇಡಬಹುದು. ಸಿಮ್ಯುಲೇಟರನ್ನು ಬರೀ ಯಂತ್ರವಾಗಿ ಬಾಡಿಗೆಗೆ ಕೊಡುವವರ ಹೊಣೆ ಏನೆಂಬುದನ್ನೂ ಹೊಸ ನಿಯಮ ಖಚಿತಪಡಿಸಿತು. ಎಫ್‌ಎಎ ಮಾನ್ಯತೆ ಪಡೆದ ಶಾಲೆ ಅಮೆರಿಕದ ಹೊರಗಿದ್ದರೂ ಅದು ಕೊಡುವ ತರಬೇತಿಗೆ ಇದೇ ನಿಯಮ ಅನ್ವಯ.

ಯಾರಿಗೆ ಬೇಕು, ಯಾರಿಗೆ ಬೇಡ

ಅಮೆರಿಕದ ಪೌರನಲ್ಲದ ಪ್ರತಿಯೊಬ್ಬನಿಗೂ ಬೇಕು ಎಂಬುದು ಮೂಲ ಸೂತ್ರ. ಗ್ರೀನ್ ಕಾರ್ಡ್ ಇದ್ದವರೂ ಇದಕ್ಕೆ ಹೊರತಲ್ಲ. ಅವರಿಗೆ ತ್ವರಿತ ದಾರಿ ಇದೆ, ಅಷ್ಟೆ. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗನೊಬ್ಬ ಎಚ್-1ಬಿ ವೀಸಾದಲ್ಲೇ ಇದ್ದುಕೊಂಡು ಶನಿವಾರ ಭಾನುವಾರ ಪಾಲೋ ಆಲ್ಟೋ ಅಥವಾ ಸಾನ್ ಕಾರ್ಲೋಸ್ ಏರ್‌ಪೋರ್ಟಿನಲ್ಲಿ ಹವ್ಯಾಸಕ್ಕೆ ಹಾರಲು ಕಲಿಯಬಹುದು. ಅವನು ನೋಂದಾಯಿಸಿಕೊಂಡು ಬೆರಳಚ್ಚು ಕೊಡಬೇಕು. ಅಲ್ಲೇ ಹುಟ್ಟಿದ ಅವನ ಮಗಳು ಪಾಸ್‌ಪೋರ್ಟ್ ತೋರಿಸಿದರೆ ಶಿಕ್ಷಕ ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಅದೇ ದಿನ ಪಾಠ ಶುರುಮಾಡಬಹುದು. ಹಾಗೆ ಬರೆಯುವ ಮೊದಲು ಪೌರತ್ವದ ಪುರಾವೆ ನೋಡುವುದು ಶಿಕ್ಷಕನ ಕರ್ತವ್ಯ.

ನೆಲದ ಮೇಲಿನ ತರಗತಿ ಪಾಠ, ಶಾಲೆಯವರು ಗಿರಾಕಿಯನ್ನು ಸೆಳೆಯಲು ಮಾಡಿಸುವ ಪರಿಚಯ ಹಾರಾಟ, ಮನರಂಜನೆಯ ಸಿಮ್ಯುಲೇಟರ್ ಆಟ ಇವು ತರಬೇತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ರಕ್ಷಣಾ ಇಲಾಖೆ ಶಿಫಾರಸು ಮಾಡಿದ ವಿದೇಶಿ ಸೈನಿಕ ವಿದ್ಯಾರ್ಥಿಗಳಿಗೂ ಟಿಎಸ್‌ಎ ಪರಿಶೀಲನೆಯಿಂದ ವಿನಾಯಿತಿ ಇದೆ.

ಟಿಎಸ್‌ಎ ಅನುಮತಿ ಸಿಕ್ಕಿತೆಂದರೆ ವೀಸಾ ಸಿಕ್ಕಿತೆಂದಲ್ಲ. ಪೂರ್ಣಾವಧಿ ಕಲಿಯಲು ಹೋಗುವವರಿಗೆ ಬೇಕಾದದ್ದು ಎಂ-1 ಅಥವಾ ಎಫ್-1 ವೀಸಾ. ವೃತ್ತಿ ತರಬೇತಿ ಶಾಲೆಗೆ ಎಂ-1, ಪದವಿ ಕೊಡುವ ಕಾಲೇಜು ಅಥವಾ ವಿಶ್ವವಿದ್ಯಾಲಯಕ್ಕೆ ಎಫ್-1. ಎರಡಕ್ಕೂ ಶಾಲೆ ವಿದ್ಯಾರ್ಥಿಯ ಅರ್ಹತೆ ದೃಢಪಡಿಸುವ ಐ-20 ಪತ್ರ ಕೊಡಬೇಕು. ಅದಕ್ಕೆ ವಲಸೆ ವಿಭಾಗದ ವಿದ್ಯಾರ್ಥಿ ಕಾರ್ಯಕ್ರಮದ ಮಾನ್ಯತೆ ಬೇಕು. ಎಫ್‌ಎಎ ನಿಯಮಗಳ 61ನೆಯ ಭಾಗದಡಿ ಮಾತ್ರ ಕಲಿಸುವ ಸಣ್ಣ ಶಾಲೆಗಳಿಗೆ ಈ ಅಧಿಕಾರ ಇರುವುದಿಲ್ಲ. 141ನೆಯ ಭಾಗದಡಿ ಪಠ್ಯಕ್ರಮಕ್ಕೆ ಒಪ್ಪಿಗೆ ಪಡೆದ ಶಾಲೆಗಳಲ್ಲೂ ಎಲ್ಲಕ್ಕೂ ಇರಲೇಬೇಕೆಂದಿಲ್ಲ. ಎಂ-1ರಲ್ಲಿ ಹೋದವರು ಅಲ್ಲಿ ಎಫ್-1ಕ್ಕೆ ಬದಲಾಗುವಂತಿಲ್ಲ. ಈ ಭಾಗವನ್ನು ಏಜೆಂಟರು ಸಾಮಾನ್ಯವಾಗಿ ಬೇಗ ಬೇಗ ಓದಿ ಮುಗಿಸುತ್ತಾರೆ.

ಬಿರುಕುಗಳು

ಫ್ಲೋರಿಡಾದ ಟಾಂಪಾ ನಗರದಲ್ಲಿ 2002ರ ಜನವರಿ 5ರಂದು 15 ವರ್ಷದ ವಿದ್ಯಾರ್ಥಿ ಪೈಲಟ್ ಒಬ್ಬ ಶಾಲೆಯ ಸೆಸ್ನಾ 172ನ್ನು ಒಂಟಿಯಾಗಿ ಏರಿಸಿಕೊಂಡು ಹೋಗಿ ಬ್ಯಾಂಕ್ ಕಟ್ಟಡಕ್ಕೆ ಡಿಕ್ಕಿ ಹೊಡೆದು ಸತ್ತ. ಅವನು ಅಮೆರಿಕದ ಪೌರ. ನಿಯಮ ಆಗಲೇ ಪೂರ್ತಿ ಜಾರಿಯಲ್ಲಿದ್ದಿದ್ದರೂ ಅವನ ಹೆಸರು ಅದರ ಜರಡಿಗೆ ಬೀಳುತ್ತಲೇ ಇರಲಿಲ್ಲ.

2010ರಲ್ಲಿ ಬಾಸ್ಟನ್ ಬಳಿಯ ಒಂದು ಫ್ಲೈಯಿಂಗ್ ಸ್ಕೂಲಿನ ಪ್ರಕರಣ ಹೊರಬಿತ್ತು. ಅಲ್ಲಿ ಟಿಎಸ್‌ಎ ಅನುಮತಿ ಪಡೆದಿದ್ದ 25 ಮಂದಿಯಲ್ಲಿ ಎಂಟು ಜನ ದೇಶದೊಳಗೆ ಅಕ್ರಮವಾಗಿ ನುಸುಳಿದವರು, ಹದಿನೇಳು ಜನ ವೀಸಾ ಅವಧಿ ಮೀರಿ ಉಳಿದವರು. ಆರು ಮಂದಿಗೆ ಎಫ್‌ಎಎ ಪತ್ರವೂ ಸಿಕ್ಕಿತ್ತು. ಶಾಲೆಯ ಮಾಲೀಕನೇ ಅಕ್ರಮವಾಗಿ ನೆಲೆಸಿದವನಾಗಿದ್ದ! ಅಪರಾಧ ಮತ್ತು ಉಗ್ರರ ಪಟ್ಟಿ ನೋಡುತ್ತಿದ್ದ ಟಿಎಸ್‌ಎ ವಲಸೆ ಸ್ಥಿತಿಯನ್ನು ಸರಿಯಾಗಿ ನೋಡುತ್ತಿರಲಿಲ್ಲ. ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ ಜಿಎಒ 2012ರ ಜುಲೈನ ವರದಿಯಲ್ಲಿ ಇದನ್ನು ವಿವರವಾಗಿ ದಾಖಲಿಸಿತು. ಎಫ್‌ಎಎ ಪತ್ರ ಪಡೆದಿದ್ದ ಕೆಲವು ವಿದೇಶಿಯರ ಹೆಸರು ಟಿಎಸ್‌ಎ ಕಡತದಲ್ಲಿ ಇಲ್ಲವೇ ಇಲ್ಲ ಎಂಬುದನ್ನೂ ಅದು ತೋರಿಸಿತು. ಅದೇ ತಿಂಗಳು ಕಾಂಗ್ರೆಸ್ ಉಪಸಮಿತಿಯ ಮುಂದೆ ಟಿಎಸ್‌ಎ ಅಧಿಕಾರಿಯೊಬ್ಬರಿಗೆ ಒಂದು ಸರಳ ಪ್ರಶ್ನೆ ಬಂತು: ವಿಮಾನ ಹತ್ತಲು ನಿಷೇಧವಿರುವ ‘ನೋ ಫ್ಲೈ’ ಪಟ್ಟಿಯಲ್ಲಿರುವ ಅಮೆರಿಕದ ಪೌರನೊಬ್ಬ ವಿಮಾನ ಹಾರಿಸುವುದನ್ನು ಕಲಿಯಲು ತೊಡಗಬಹುದೇ? ಉತ್ತರ, ತೊಡಗಬಹುದು, ಲೈಸೆನ್ಸ್‌ಗೆ ಅರ್ಜಿ ಹಾಕಿದಾಗಲಷ್ಟೇ ಸಿಕ್ಕಿಬೀಳುತ್ತಾನೆ. 2016ರ ಏಪ್ರಿಲ್ 1ರಿಂದ ವಿದ್ಯಾರ್ಥಿ ಪೈಲಟ್ ಪತ್ರವನ್ನು ಡಾಕ್ಟರ ಕೈಯಿಂದ ತೆಗೆದು, ಪೌರ ವಿದೇಶಿ ಭೇದವಿಲ್ಲದೆ ಟಿಎಸ್‌ಎ ತಾಳೆಯ ನಂತರ ಎಫ್‌ಎಎಯೇ ಕೊಡತೊಡಗಿದ ಮೇಲೆ ಈ ಕಂಡಿ ಬಹುಮಟ್ಟಿಗೆ ಮುಚ್ಚಿತು.

2019ರ ಡಿಸೆಂಬರ್ 6ರಂದು ಫ್ಲೋರಿಡಾದ ಪೆನ್ಸಕೋಲಾ ನೌಕಾ ವಾಯುನೆಲೆಯಲ್ಲಿ ತರಬೇತಿಯಲ್ಲಿದ್ದ ಸೌದಿ ವಾಯುಪಡೆಯ ಅಧಿಕಾರಿ ಗುಂಡು ಹಾರಿಸಿ ಮೂವರನ್ನು ಕೊಂದ. ಸೈನಿಕ ವಿನಾಯಿತಿಯ ದಾರಿಯಲ್ಲಿ ಬಂದವನು ಆತ. ಅವನ ಆಯುಧ ವಿಮಾನವಾಗಿರಲಿಲ್ಲ, ಅಲ್ಲೇ ಅಂಗಡಿಯಲ್ಲಿ ಕೊಂಡ ಪಿಸ್ತೂಲು. ಮರುತಿಂಗಳು 21 ಸೌದಿ ಕೆಡೆಟ್‌ಗಳನ್ನು ಸ್ವದೇಶಕ್ಕೆ ಕಳಿಸಲಾಯಿತು. ವಿದೇಶಿ ಸೈನಿಕ ವಿದ್ಯಾರ್ಥಿಗಳ ತಪಾಸಣೆಯನ್ನು ರಕ್ಷಣಾ ಇಲಾಖೆ ಬಿಗಿಗೊಳಿಸಿತು.

ಈ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ, ವ್ಯವಸ್ಥೆ ಬಲವಾಗಿರುವುದು ಹಲವು ಕಚೇರಿಗಳ ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ ಕಡೆ, ದುರ್ಬಲವಾಗಿರುವುದು ಪಾಸ್‌ಪೋರ್ಟಿನ ಬಣ್ಣವನ್ನೇ ಅಪಾಯದ ಅಳತೆಯಾಗಿ ಹಿಡಿದ ಕಡೆ. ಬಾಸ್ಟನ್ನಿನಲ್ಲಿ ಸೋತದ್ದು ಜೋಡಣೆ. ಟಾಂಪಾದಲ್ಲಿ ಬಯಲಾದದ್ದು ಪಾಸ್‌ಪೋರ್ಟ್ ಆಧಾರಿತ ತಪಾಸಣೆಯ ಮಿತಿ. ಬೇರೆ ದೇಶಗಳು ಈ ಮಿತಿಯನ್ನು ಇನ್ನೊಂದು ರೀತಿಯಲ್ಲಿ ದಾಟಲು ನೋಡಿವೆ. ಜರ್ಮನಿಯಲ್ಲಿ 2003ರ ಜನವರಿ 5ರಂದು ಕದ್ದ ಮೋಟಾರ್ ಗ್ಲೈಡರ್ ಒಂದರಲ್ಲಿ ಫ್ರಾಂಕ್‌ಫರ್ಟ್ ನಗರದ ಮೇಲೆ ಸುತ್ತಿದ ವ್ಯಕ್ತಿಯೊಬ್ಬ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಕಟ್ಟಡಕ್ಕೆ ಗುದ್ದುವುದಾಗಿ ಬೆದರಿಸಿದ್ದ. 2005ರಲ್ಲಿ ಜಾರಿಗೆ ಬಂದ ಅಲ್ಲಿನ ವಾಯು ಭದ್ರತಾ ಕಾಯ್ದೆ ಸ್ವದೇಶಿಯರೂ ಸೇರಿ ಪೈಲಟ್‌ಗಳೆಲ್ಲರೂ ವಿಶ್ವಾಸಾರ್ಹತೆಯ ತಪಾಸಣೆ ಮಾಡಿಸಿಕೊಳ್ಳಬೇಕೆಂದಿತು; ವಿದ್ಯಾರ್ಥಿ ಪೈಲಟ್‌ಗಳೂ ಅದರೊಳಗೆ ಬರುತ್ತಾರೆ. ವಾರಾಂತ್ಯದಲ್ಲಿ ಹವ್ಯಾಸಕ್ಕೆ ಹಾರುವವರು ಇದರ ವಿರುದ್ಧ ಇಂದಿಗೂ ಗೊಣಗುತ್ತಾರೆ. ಆಸ್ಟ್ರೇಲಿಯದಲ್ಲೂ ಪೈಲಟ್ ಆಗಬೇಕಾದವರು, ಯಾವ ದೇಶದವರೇ ಆಗಲಿ, ಹಿನ್ನೆಲೆ ತಪಾಸಣೆ ಮುಗಿಸಿ ವಿಮಾನಯಾನ ಗುರುತು ಪಡೆಯಬೇಕು. ಈ ಎರಡು ದೇಶಗಳ ದಾರಿ ಹೆಚ್ಚು ನ್ಯಾಯವಾದದ್ದು. ಹೆಚ್ಚು ಜನರನ್ನು ತಪಾಸಿಸುವುದರಿಂದ ಹೆಚ್ಚು ದುಬಾರಿಯೂ ಹೌದು.

ಭಾರತದ ನಂಟು

ಭಾರತದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ ಬೇಕಾದ 200 ಗಂಟೆ ಹಾರಾಟವನ್ನು ವಿದೇಶದಲ್ಲಿ ಮುಗಿಸಿ ಬರುವುದು ಬಹುಕಾಲದ ರೂಢಿ. ಇಲ್ಲಿನ ಶಾಲೆಗಳಲ್ಲಿ ವಿಮಾನಗಳ ಕೊರತೆ, ಮಳೆಗಾಲದ ಅಡಚಣೆ, ಶಿಕ್ಷಕರ ಅಭಾವ ಇದಕ್ಕೆ ಕಾರಣ. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಿಂದ ಸರ್ಕಾರಿ ಫ್ಲೈಯಿಂಗ್ ಸ್ಕೂಲ್ ಇದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟ ಐದು ಊರುಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿದ್ದವು. ಆದರೂ ಅಮೆರಿಕದ ದಾರಿ ಹಿಡಿಯುವವರು ನಿಂತಿಲ್ಲ.

ಹಾಗೆ ಹೋದವರು ಎರಡು ಸರ್ಕಾರಗಳ ಲೆಕ್ಕಕ್ಕೆ ಉತ್ತರ ಕೊಡಬೇಕು. ಅಲ್ಲಿನ ಸಿಪಿಎಲ್‌ಗೆ 141ನೆಯ ಭಾಗದ ಶಾಲೆಯಲ್ಲಿ 190 ಗಂಟೆ, 61ನೆಯ ಭಾಗದಡಿ 250 ಗಂಟೆ ಕನಿಷ್ಠ. 190ಕ್ಕೇ ನಿಲ್ಲಿಸಿ ಬಂದವನಿಗೆ ಇಲ್ಲಿ 10 ಗಂಟೆ ಕಡಿಮೆ ಬೀಳುತ್ತದೆ. ವಾಪಸಾದ ಮೇಲೆ ಲೈಸೆನ್ಸ್ ಪರಿವರ್ತನೆಗೆ ಡಿಜಿಸಿಎ ನೋಡುವುದು ಎಫ್‌ಎಎ ಪತ್ರ ಅಸಲಿಯೇ, ಹಾರಾಟದ ಗಂಟೆಗಳು ಸಾಚಾವೇ ಎಂಬುದನ್ನು. ಅಮೆರಿಕದಲ್ಲಿ ವಿಳಾಸವಿಲ್ಲದವರು ಎಫ್‌ಎಎ ಪತ್ರ ಇಟ್ಟುಕೊಳ್ಳಬೇಕಾದರೆ ಅಲ್ಲಿ ತಮ್ಮ ಪರವಾಗಿ ನೋಟಿಸ್ ಸ್ವೀಕರಿಸುವ ಪ್ರತಿನಿಧಿಯನ್ನು ಹೆಸರಿಸಬೇಕೆಂಬ ಇನ್ನೊಂದು ನಿಯಮ 2025ರಿಂದ ಜಾರಿಯಲ್ಲಿದೆ. ಊರಿಗೆ ಮರಳಿ ಅಲ್ಲಿನ ಪತ್ರವನ್ನು ಬೀರುವಿನಲ್ಲಿಟ್ಟವರಿಗೂ ಇದು ಅನ್ವಯಿಸುತ್ತದೆ.

ಭಾರತವೂ ಬಾಗಿಲು ತೆರೆದಿಟ್ಟಿಲ್ಲ. ವಿದೇಶಿ ಪೈಲಟ್ ಇಲ್ಲಿನ ಏರ್‌ಲೈನ್‌ನಲ್ಲಿ ಹಾರಲು ಡಿಜಿಸಿಎ ಕೊಡುವ ತಾತ್ಕಾಲಿಕ ಅನುಮತಿಗೆ, ಅಂದರೆ ಉದ್ಯಮದವರು ಫಾಟಾ ಎನ್ನುವ ಪತ್ರಕ್ಕೆ, ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ ಬೇಕು.

ಅಮೆರಿಕಕ್ಕೆ ಕಲಿಯಲು ಹೊರಟವರು ಮುಂಗಡ ಕಟ್ಟುವ ಮೊದಲು ಶಾಲೆಯನ್ನು ಮೂರು ಮಾತು ಕೇಳಿ ಲಿಖಿತ ಉತ್ತರ ಪಡೆಯುವುದು ಒಳ್ಳೆಯದು: ಐ-20 ಕೊಡುವ ಮಾನ್ಯತೆ ಈಗಲೂ ಚಾಲ್ತಿಯಲ್ಲಿದೆಯೇ, ಟಿಎಸ್‌ಎ ಪೋರ್ಟಲ್‌ನಲ್ಲಿ ಶಾಲೆ ನೋಂದಾಯಿತವೇ, ಅನುಮತಿ ಸಿಗದಿದ್ದರೆ ಅಥವಾ ವೀಸಾ ನಿರಾಕರಣೆಯಾದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸ್. ಟಿಎಸ್‌ಎ ಅರ್ಜಿಯನ್ನು ವಿದ್ಯಾರ್ಥಿಯೇ ತನ್ನ ಖಾತೆಯಿಂದ ಹಾಕಬಹುದು, ಶುಲ್ಕವನ್ನೂ ನೇರವಾಗಿ ಕಟ್ಟಬಹುದು. ಅದಕ್ಕೆ ಏಜೆಂಟರ ನೆರವು ಕಡ್ಡಾಯವಲ್ಲ.